ಮನೆಯಲ್ಲಿ ಮಕ್ಕಳ ಕಲಿಕೆಗೆ ಪೋಷಕರ ನೆರವು

ಮನೆಯಲ್ಲಿ ಮಕ್ಕಳ ಕಲಿಕೆಗೆ ಪೋಷಕರ ನೆರವು ಎಂದರೆ ಶಾಲೆಯ ಅವಧಿಯ ಹೊರಗೆ ತಂದೆ, ತಾಯಿ, ಅಜ್ಜ, ಅಜ್ಜಿ ಮತ್ತು ಮನೆಯ ಇತರ ಹಿರಿಯರು ಮಗುವಿನ ಓದು, ಬರಹ, ಲೆಕ್ಕ ಹಾಗೂ ತಿಳುವಳಿಕೆ ಬೆಳೆಯಲು ಒದಗಿಸುವ ಸಹಾಯ. ಪಾಠ ಹೇಳಿಕೊಡುವುದು ಇದರ ಒಂದು ಭಾಗ ಮಾತ್ರ. ಮಗುವಿನೊಡನೆ ಮಾತನಾಡುವುದು, ಕಥೆ ಹೇಳುವುದು, ಓದಲು ಸ್ಥಳ ಮತ್ತು ಸಮಯ ಮಾಡಿಕೊಡುವುದು, ನಿದ್ದೆ ಮತ್ತು ಊಟದ ಕ್ರಮ ಕಾಪಾಡುವುದು, ಶಿಕ್ಷಕರೊಡನೆ ಸಂಪರ್ಕ ಇಟ್ಟುಕೊಳ್ಳುವುದು ಇವೆಲ್ಲವೂ ಈ ನೆರವಿನಲ್ಲಿ ಸೇರುತ್ತವೆ. ಆದುದರಿಂದ ಅಕ್ಷರ ಬಲ್ಲ ಪೋಷಕರು ಮಾತ್ರವೇ ಮಕ್ಕಳ ಕಲಿಕೆಗೆ ನೆರವಾಗಬಲ್ಲರು ಎಂಬ ಸಾಮಾನ್ಯ ನಂಬಿಕೆ ಸರಿಯಲ್ಲ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ಪ್ರಾಥಮಿಕ ಮತ್ತು ಪ್ರೌಢಶಾಲಾ ಮಕ್ಕಳ ಮನೆಗಳನ್ನು ಗಮನದಲ್ಲಿರಿಸಿಕೊಂಡು ಈ ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

ಭಾರತದ ಸಂವಿಧಾನಕ್ಕೆ 2002ರಲ್ಲಿ ಆದ 86ನೆಯ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಅದೇ ತಿದ್ದುಪಡಿಯ ಮೂಲಕ 51ಎ ವಿಧಿಗೆ ಹೊಸ ಮೂಲಭೂತ ಕರ್ತವ್ಯವೊಂದು ಸೇರಿತು: ಈ ವಯಸ್ಸಿನ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆ ತಾಯಿಯರ ಅಥವಾ ಪಾಲಕರ ಕರ್ತವ್ಯ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಕಾನೂನು ಪೋಷಕರಿಂದ ಮುಖ್ಯವಾಗಿ ನಿರೀಕ್ಷಿಸುವುದು ಮಗುವನ್ನು ಶಾಲೆಗೆ ಸೇರಿಸುವುದನ್ನು. ಸೇರಿಸಿದ ಬಳಿಕ ಮನೆಯಲ್ಲಿ ಏನು ಮಾಡಬೇಕೆಂಬುದು ಪೋಷಕರ ವಿವೇಚನೆಗೆ ಬಿಟ್ಟ ವಿಷಯವಾಗಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಸಾಕ್ಷರತೆಯ ಪ್ರಮಾಣ ಶೇ. 75.36. ಮಹಿಳೆಯರಲ್ಲಿ ಈ ಪ್ರಮಾಣ ಶೇ. 68.08. ಅಂದರೆ ಆ ವೇಳೆಗೆ ರಾಜ್ಯದ ಮಹಿಳೆಯರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಇಂತಹ ಮನೆಗಳಿಂದ ಶಾಲೆಗೆ ಬರುವವರನ್ನು ಮೊದಲ ತಲೆಮಾರಿನ ಕಲಿಕಾರ್ಥಿಗಳು ಎಂದು ಕರೆಯಲಾಗುತ್ತದೆ. ‘ನಮಗೇ ಓದು ಬರುವುದಿಲ್ಲ, ಮಗುವಿಗೇನು ಹೇಳಿಕೊಡುವುದು’ ಎಂಬ ಹಿಂಜರಿಕೆ ಇಂತಹ ಮನೆಗಳಲ್ಲಿ ಸಾಮಾನ್ಯ. ಇನ್ನೊಂದೆಡೆ, ಓದಿದ ಪೋಷಕರ ಮನೆಗಳಲ್ಲಿ ಶಾಲೆಯ ಪಾಠವನ್ನೇ ಸಂಜೆ ಮತ್ತೊಮ್ಮೆ ನಡೆಸುವ, ಅಂಕಗಳಿಗಾಗಿ ಒತ್ತಡ ಹೇರುವ ರೂಢಿ ಕಂಡುಬರುತ್ತದೆ. ಈ ಎರಡೂ ನಡವಳಿಕೆಗಳ ಹಿಂದೆ ಇರುವುದು ನೆರವೆಂದರೆ ಪಾಠ ಹೇಳುವುದು ಎಂಬ ಒಂದೇ ತಿಳುವಳಿಕೆ.

ಶಿಕ್ಷಣಶಾಸ್ತ್ರದ ವಿಚಾರಗಳು

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ (1896–1934) ಮಗುವಿನ ಕಲಿಕೆ ಮೊದಲು ಇತರರೊಡನೆ ಒಡನಾಟದಲ್ಲಿ ನಡೆದು, ಬಳಿಕ ಮಗುವಿನ ಸ್ವಂತ ಸಾಮರ್ಥ್ಯವಾಗುತ್ತದೆ ಎಂದು ಪ್ರತಿಪಾದಿಸಿದನು. ಮಗು ಒಂಟಿಯಾಗಿ ಮಾಡಬಲ್ಲ ಕೆಲಸಕ್ಕೂ ಹಿರಿಯರ ನೆರವಿನಿಂದ ಮಾಡಬಲ್ಲ ಕೆಲಸಕ್ಕೂ ನಡುವಿನ ಅಂತರವನ್ನು ಅವನು ‘ಸಮೀಪ ವಿಕಾಸ ವಲಯ’ ಎಂದು ಗುರುತಿಸಿದನು. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಅವರು ಹಿರಿಯರ ಇಂತಹ ನೆರವನ್ನು ಕಟ್ಟಡ ಕಟ್ಟುವಾಗ ನಿಲ್ಲಿಸುವ ಸಾರವೆಗೆ ಹೋಲಿಸಿದರು. ಗೋಡೆ ನಿಂತ ಮೇಲೆ ಸಾರವೆಯನ್ನು ಬಿಚ್ಚುವಂತೆ, ಮಗು ಕಲಿತಂತೆಲ್ಲ ನೆರವನ್ನು ಕಡಿಮೆ ಮಾಡುತ್ತ ಬರಬೇಕೆಂಬುದು ಇದರ ಅರ್ಥ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಜಾಯ್ಸ್ ಎಪ್‌ಸ್ಟೀನ್ ಅವರು ಪೋಷಕರ ಪಾಲ್ಗೊಳ್ಳುವಿಕೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ: ಪಾಲನೆ, ಶಾಲೆಯೊಡನೆ ಸಂವಹನ, ಸ್ವಯಂಸೇವೆ, ಮನೆಯಲ್ಲಿ ಕಲಿಕೆ, ನಿರ್ಧಾರಗಳಲ್ಲಿ ಭಾಗಿಯಾಗುವುದು ಮತ್ತು ಸಮುದಾಯದೊಡನೆ ಸಹಕಾರ. ಬ್ರಿಟನ್ನಿನಲ್ಲಿ 2003ರಲ್ಲಿ ಚಾರ್ಲ್ಸ್ ಡೆಸ್‌ಫೋರ್ಜಸ್ ಮತ್ತು ಆಲ್ಬರ್ಟೊ ಅಬುಶಾರ್ ಅವರು ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ ವರದಿಯೊಂದನ್ನು ಸಿದ್ಧಪಡಿಸಿದರು. ಪೋಷಕರು ಶಾಲೆಯ ಕಾರ್ಯಕ್ರಮಗಳಲ್ಲಿ ಭಾಗವಹಿಸುವುದಕ್ಕಿಂತಲೂ ಮನೆಯಲ್ಲಿ ಮಗುವಿನೊಡನೆ ನಡೆಸುವ ಮಾತುಕತೆ ಮತ್ತು ಕಲಿಕೆಯ ಬಗ್ಗೆ ತೋರುವ ಆಸಕ್ತಿ, ವಿಶೇಷವಾಗಿ ಪ್ರಾಥಮಿಕ ಹಂತದಲ್ಲಿ, ಹೆಚ್ಚು ಪರಿಣಾಮ ಬೀರುತ್ತವೆ ಎಂಬುದು ಅದರ ಸಾರಾಂಶ.

ಮಾತು ಮತ್ತು ಮನೆಮಾತು

ಓದಿ ಅರ್ಥಮಾಡಿಕೊಳ್ಳಲು ಅಕ್ಷರಜ್ಞಾನದಷ್ಟೇ ಶಬ್ದಸಂಪತ್ತೂ ಬೇಕು. ಕೇಳಿ ತಿಳಿದಿರುವ ಶಬ್ದವನ್ನು ಮಗು ಪುಸ್ತಕದಲ್ಲಿ ಬೇಗ ಗುರುತಿಸುತ್ತದೆ. ಈ ಶಬ್ದಗಳು ಮೊದಲು ದೊರೆಯುವುದು ಮನೆಯ ಮಾತಿನಲ್ಲಿ. ಅಜ್ಜಿ ಹೇಳುವ ಕಥೆ, ಒಗಟು, ಗಾದೆ, ಅಡುಗೆಮನೆಯ ಮತ್ತು ಹೊಲದ ಕೆಲಸದ ಮಾತು ಇವೆಲ್ಲವೂ ಶಬ್ದದ ಕಣಜಗಳು. ‘ಇವತ್ತು ಶಾಲೆಯಲ್ಲಿ ಏನು ಮಾಡಿದೆ?’ ಎಂದು ಕೇಳಿದರೆ ಮಕ್ಕಳು ಸಾಮಾನ್ಯವಾಗಿ ‘ಏನಿಲ್ಲ’ ಎಂದು ಮಾತು ಮುಗಿಸುತ್ತಾರೆ. ‘ಇವತ್ತು ಯಾರ ಜೊತೆ ಊಟಕ್ಕೆ ಕುಳಿತೆ?’, ‘ವಿಜ್ಞಾನದ ಪಾಠದಲ್ಲಿ ಯಾವ ಚಿತ್ರ ಬರೆಸಿದರು?’ ಎಂಬಂತಹ ನಿರ್ದಿಷ್ಟ ಪ್ರಶ್ನೆಗಳು ಮಾತನ್ನು ಮುಂದುವರಿಸುತ್ತವೆ.

ಕರ್ನಾಟಕದ ಅನೇಕ ಮಕ್ಕಳ ಮನೆಮಾತು ತುಳು, ಕೊಂಕಣಿ, ಉರ್ದು, ಕೊಡವ, ಬ್ಯಾರಿ, ಲಂಬಾಣಿ, ತೆಲುಗು, ಮರಾಠಿ ಮೊದಲಾದ ಭಾಷೆಗಳಾಗಿವೆ. ಕನ್ನಡವೇ ಮನೆಮಾತಾದ ಕಡೆಯಲ್ಲಿಯೂ ಆಡುಮಾತಿಗೂ ಪುಸ್ತಕದ ಭಾಷೆಗೂ ವ್ಯತ್ಯಾಸವಿರುತ್ತದೆ. ‘ಮಾಡ್ತೀನಿ’, ‘ಮಾಡ್ತೇನ್ರಿ’, ‘ಮಾಡ್ತೆ’ ಎನ್ನುವ ಮಗು ಪುಸ್ತಕದಲ್ಲಿ ‘ಮಾಡುತ್ತೇನೆ’ ಎಂಬ ರೂಪವನ್ನು ಕಾಣುತ್ತದೆ. ಆಡುಮಾತನ್ನು ತಪ್ಪೆಂದು ಗದರಿದರೆ ಮಗು ಮಾತನಾಡುವುದನ್ನೇ ಕಡಿಮೆ ಮಾಡಬಹುದು. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಮೊದಲ ಭಾಷೆಯಲ್ಲಿ ಗಟ್ಟಿಯಾದ ತಿಳುವಳಿಕೆ ಎರಡನೆಯ ಭಾಷೆಯ ಕಲಿಕೆಗೂ ನೆರವಾಗುತ್ತದೆ. ಮಗುವಿಗೆ ಇಂಗ್ಲಿಷ್ ಬರಲೆಂದು, ತಮಗೆ ಸರಾಗವಲ್ಲದ ಇಂಗ್ಲಿಷಿನಲ್ಲಿಯೇ ಪೋಷಕರು ಮನೆಯಲ್ಲಿ ಮಾತನಾಡತೊಡಗಿದರೆ, ಮಾತುಕತೆ ಕೆಲವೇ ಆಜ್ಞೆಗಳಿಗೆ ಸೀಮಿತವಾಗುವ ಅಪಾಯವಿದೆ.

ಓದು ಮತ್ತು ಬರಹ

ಕರ್ನಾಟಕದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ‘ನಲಿ-ಕಲಿ’ ಪದ್ಧತಿ ಬಳಕೆಯಲ್ಲಿದೆ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009–10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿತು. ಇದರಲ್ಲಿ ಮಕ್ಕಳು ಕಾರ್ಡುಗಳ ಮೂಲಕ, ಕಲಿಕಾ ಏಣಿಯನ್ನು ಅನುಸರಿಸಿ, ತಮ್ಮ ವೇಗಕ್ಕೆ ತಕ್ಕಂತೆ ಮುಂದುವರಿಯುತ್ತಾರೆ. ಅಕ್ಷರಗಳನ್ನು ವರ್ಣಮಾಲೆಯ ‘ಅ ಆ ಇ ಈ’ ಕ್ರಮದಲ್ಲಿ ಕಲಿಸದೆ, ರ, ಗ, ಸ, ದ, ಅ ಎಂಬ ಬರೆಯಲು ಸುಲಭವಾದ ಗುಂಪಿನಿಂದ ಆರಂಭಿಸಲಾಗುತ್ತದೆ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳನ್ನು ಓದಬಹುದು. ಇದನ್ನು ತಿಳಿಯದ ಪೋಷಕರು ‘ಮಗುವಿಗೆ ಅ ಆ ಇ ಈ ಕೂಡ ಬರುವುದಿಲ್ಲ’ ಎಂದು ಗಾಬರಿಗೊಳ್ಳುವುದುಂಟು. ಶಾಲೆಯಲ್ಲಿ ಯಾವ ಕ್ರಮ ನಡೆಯುತ್ತಿದೆ ಎಂದು ಕೇಳಿ ತಿಳಿದು, ಮನೆಯಲ್ಲಿಯೂ ಅದೇ ಅಕ್ಷರಗಳಿಂದ ಪದ ಕಟ್ಟುವ ಆಟ ಆಡಿಸುವುದು ಉಪಯುಕ್ತ.

ಕನ್ನಡ ಬಹುಮಟ್ಟಿಗೆ ಉಚ್ಚರಿಸಿದಂತೆ ಬರೆಯುವ ಭಾಷೆ. ಆದರೂ ಮಕ್ಕಳು ಕೆಲವು ಕಡೆ ಎಡವುತ್ತಾರೆ. ಮ–ಯ, ಪ–ಷ, ದ–ಧ–ಥ, ಬ–ಭ ಮೊದಲಾದ ಹೋಲುವ ಅಕ್ಷರಗಳು, ದೀರ್ಘಸ್ವರದ ಚಿಹ್ನೆಗಳು, ಮಹಾಪ್ರಾಣಗಳು ಮತ್ತು ಒತ್ತಕ್ಷರಗಳು ಇವುಗಳಲ್ಲಿ ಮುಖ್ಯವಾದವು. ತಪ್ಪಿದ ಪದವನ್ನು ಹತ್ತು ಸಲ ಬರೆಸುವುದಕ್ಕಿಂತ, ಅದನ್ನು ಬಿಡಿಸಿ ಉಚ್ಚರಿಸಿ ಎಲ್ಲಿ ತಪ್ಪಿದೆ ಎಂದು ಮಗುವೇ ಕಂಡುಕೊಳ್ಳುವಂತೆ ಮಾಡುವುದು ಮೇಲು. ಮಗು ಓದುವಾಗ ತಡವರಿಸಿದರೆ ಕೂಡಲೇ ಪದವನ್ನು ಹೇಳಿಬಿಡದೆ ಕೆಲವು ಕ್ಷಣ ಕಾಯುವುದು ಒಳ್ಳೆಯದು.

ಪಠ್ಯಪುಸ್ತಕದ ಹೊರಗಿನ ಓದು ಮುಖ್ಯವಾದುದು. ಬಸ್ಸಿನ ಫಲಕ, ಅಂಗಡಿಯ ಹೆಸರು, ದಿನಪತ್ರಿಕೆಯ ತಲೆಬರಹ, ಮದುವೆಯ ಕರೆಯೋಲೆ, ಪಡಿತರ ಚೀಟಿ ಎಲ್ಲವೂ ಓದಿನ ಸಾಮಗ್ರಿಗಳೇ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರಿಂದ ಬೆಳೆದ ಶಿಶುಸಾಹಿತ್ಯ ಕನ್ನಡದಲ್ಲಿದೆ. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಗುತ್ತಿದೆ. ಪುಸ್ತಕ ಕೊಳ್ಳಲಾಗದ ಕುಟುಂಬಗಳಿಗೆ ಇದು ಹತ್ತಿರದ ದಾರಿ.

ಲೆಕ್ಕ

ಹತ್ತೊಂಬತ್ತರ ಬಳಿಕ ಕನ್ನಡದ ಸಂಖ್ಯಾನಾಮಗಳ ರಚನೆ ಕ್ರಮಬದ್ಧವಾಗಿದೆ. ಇಪ್ಪತ್ತು ಮತ್ತು ಒಂದು ಸೇರಿ ಇಪ್ಪತ್ತೊಂದು, ಮೂವತ್ತು ಮತ್ತು ಐದು ಸೇರಿ ಮೂವತ್ತೈದು ಆಗುತ್ತವೆ. ಹತ್ತು ಮತ್ತು ಬಿಡಿ ಎಂಬ ಸ್ಥಾನಬೆಲೆಯ ಕಲ್ಪನೆಯನ್ನು ಹೆಸರೇ ಸೂಚಿಸುವುದರಿಂದ, ಕಡ್ಡಿಗಳನ್ನು ಹತ್ತರ ಕಟ್ಟುಗಳಾಗಿ ಕಟ್ಟಿ ಎಣಿಸಿದರೆ ಮಗುವಿಗೆ ಇದು ಬೇಗ ಮನದಟ್ಟಾಗುತ್ತದೆ.

ಸಾಂಪ್ರದಾಯಿಕ ಆಟಗಳಲ್ಲಿ ಲೆಕ್ಕ ಹಾಸುಹೊಕ್ಕಾಗಿದೆ. ಕರಾವಳಿಯಲ್ಲಿ ಚೆನ್ನೆಮಣೆ ಎಂದು ಕರೆಯಲಾಗುವ ಅಳಗುಳಿ ಮಣೆಯಲ್ಲಿ ಸಾಮಾನ್ಯವಾಗಿ ಏಳು ಕುಳಿಗಳ ಎರಡು ಸಾಲುಗಳಿರುತ್ತವೆ. ಯಾವ ಕುಳಿಯಿಂದ ಕಾಯಿ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮುಂದಾಗಿ ಎಣಿಸುವುದೇ ಆಟದ ಜಾಣ್ಮೆ. ಕವಡೆ ಹಾಕಿ ಆಡುವ ಚೌಕಾಬಾರದಲ್ಲಿ ಕೂಡುವುದೂ ಮನೆ ಎಣಿಸುವುದೂ ಇದೆ. ಚುಕ್ಕಿ ರಂಗೋಲಿಯಲ್ಲಿ ನಡುಸಾಲಿನಲ್ಲಿ 7 ಚುಕ್ಕಿ, ಎರಡೂ ಬದಿಗೆ 5, 3, 1 ಎಂದು ಇಳಿಸಿದರೆ ಒಟ್ಟು 25 ಚುಕ್ಕಿಗಳಾಗುತ್ತವೆ. ಇಲ್ಲಿ ಬೆಸಸಂಖ್ಯೆಗಳ ಪರಿಚಯವೂ ಸಮಮಿತಿಯ ಪರಿಚಯವೂ ಒಟ್ಟಿಗೆ ಆಗುತ್ತವೆ. ನಾಲ್ಕು ಪಾವು ಸೇರಿ ಒಂದು ಸೇರು ಎಂಬ ಮನೆಯ ಅಳತೆಯು ಭಿನ್ನರಾಶಿಯ ಮೊದಲ ಪಾಠವಾಗಬಲ್ಲದು. ಸಂತೆಯಲ್ಲಿ ಚಿಲ್ಲರೆ ಎಣಿಸುವುದು, ಡೇರಿಗೆ ಹಾಕಿದ ಹಾಲಿನ ಲೆಕ್ಕ, ಸ್ವಸಹಾಯ ಸಂಘದ ಉಳಿತಾಯದ ಪುಸ್ತಕ ಇವೂ ಅಂತಹವೇ.

ಮೇಲಿನ ತರಗತಿಗಳ ಲೆಕ್ಕವನ್ನು ಹೇಳಿಕೊಡುವಾಗ ಎಚ್ಚರ ಬೇಕು. ಪೋಷಕರು ಕಲಿತ ವಿಧಾನವೂ ಇಂದಿನ ತರಗತಿಯ ವಿಧಾನವೂ ಬೇರೆಯಾಗಿರಬಹುದು. ‘ನಿಮ್ಮ ಮೇಷ್ಟ್ರು ಹೇಗೆ ಮಾಡಿಸಿದರು, ನನಗೂ ಹೇಳಿಕೊಡು’ ಎಂದು ಕೇಳಿದರೆ ಗೊಂದಲ ತಪ್ಪುತ್ತದೆ. ಎರಿನ್ ಮಲೋನಿ ಮತ್ತು ಸಂಗಡಿಗರು 2015ರಲ್ಲಿ ಅಮೆರಿಕದ ಒಂದು ಮತ್ತು ಎರಡನೆಯ ತರಗತಿಯ ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನವು, ಗಣಿತದ ಬಗ್ಗೆ ಆತಂಕವುಳ್ಳ ಪೋಷಕರು ಪದೇ ಪದೇ ಗೃಹಪಾಠಕ್ಕೆ ನೆರವಾದಾಗ ಮಕ್ಕಳ ಕಲಿಕೆ ಕುಂಠಿತವಾಗಿ, ಮಕ್ಕಳಲ್ಲಿಯೂ ಆತಂಕ ಹೆಚ್ಚಿದುದನ್ನು ತೋರಿಸಿತು.

ಗೃಹಪಾಠ ಮತ್ತು ಮನೆಪಾಠ

ಗೃಹಪಾಠ ಅಥವಾ ಹೋಂವರ್ಕ್ ಮಗುವಿನ ಕೆಲಸವೇ ಹೊರತು ಪೋಷಕರದ್ದಲ್ಲ. ಪೋಷಕರೇ ಬರೆದುಕೊಟ್ಟ ಉತ್ತರ ಅಥವಾ ತಯಾರಿಸಿಕೊಟ್ಟ ಮಾದರಿಯಿಂದ, ಮಗುವಿಗೆ ಏನು ತಿಳಿದಿಲ್ಲ ಎಂಬುದು ಶಿಕ್ಷಕರಿಗೆ ಗೊತ್ತಾಗದೆ ಹೋಗುತ್ತದೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಹೋದ್ಯೋಗಿಗಳ 2006ರ ಸಮೀಕ್ಷೆಯು ಗೃಹಪಾಠಕ್ಕೂ ಸಾಧನೆಗೂ ಇರುವ ಸಂಬಂಧ ಮೇಲಿನ ತರಗತಿಗಳಲ್ಲಿ ಬಲವಾಗಿಯೂ ಕೆಳಗಿನ ತರಗತಿಗಳಲ್ಲಿ ದುರ್ಬಲವಾಗಿಯೂ ಇರುವುದನ್ನು ಗುರುತಿಸಿತು. ಕರ್ನಾಟಕ ಸರ್ಕಾರವು 2019ರಲ್ಲಿ 1 ಮತ್ತು 2ನೆಯ ತರಗತಿಗಳಿಗೆ ಗೃಹಪಾಠ ನೀಡಬಾರದೆಂದು ಆದೇಶಿಸಿತು. ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿಯೂ 2ನೆಯ ತರಗತಿಯವರೆಗೆ ಗೃಹಪಾಠ ಬೇಡವೆಂದೂ, 3ರಿಂದ 5ನೆಯ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ನೆಯ ತರಗತಿಗೆ ದಿನಕ್ಕೆ 1 ಗಂಟೆ ಸಾಕೆಂದೂ ಹೇಳುತ್ತದೆ.

ಶುಲ್ಕ ಪಡೆದು ನಡೆಸುವ ಮನೆಪಾಠ ಅಥವಾ ಟ್ಯೂಷನ್ ಈಗ ಹಳ್ಳಿಗಳಲ್ಲಿಯೂ ಕಂಡುಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಪ್ರಕರಣದಂತೆ ಶಾಲಾ ಶಿಕ್ಷಕರು ಖಾಸಗಿಯಾಗಿ ಪಾಠ ಹೇಳುವಂತಿಲ್ಲ. ಚಿಕ್ಕ ತರಗತಿಯ ಮಗುವಿಗೆ ಶಾಲೆಯ ಬಳಿಕ ಆಟಕ್ಕೂ ವಿಶ್ರಾಂತಿಗೂ ಸಮಯ ಉಳಿಯುತ್ತದೆಯೇ ಎಂಬುದನ್ನು ಗಮನಿಸದೆ ಮನೆಪಾಠಕ್ಕೆ ಕಳುಹಿಸುವುದರಿಂದ ಕಲಿಕೆಯ ಮೇಲಿನ ಆಸಕ್ತಿಯೇ ಕುಗ್ಗಬಹುದು.

ನೆನಪು ಮತ್ತು ಪರೀಕ್ಷೆ

ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಕಲಿತದ್ದರ ಬಹುಭಾಗ ಮೊದಲ ಗಂಟೆಗಳಲ್ಲಿ ಹಾಗೂ ದಿನಗಳಲ್ಲಿಯೇ ಮರೆತುಹೋಗುತ್ತದೆ ಎಂದು ತೋರಿಸಿದವು. ಆದಕಾರಣ ಪರೀಕ್ಷೆಯ ಹಿಂದಿನ ರಾತ್ರಿ ಒಮ್ಮೆಗೇ ಓದುವುದಕ್ಕಿಂತ, ಅದೇ ಸಮಯವನ್ನು ಹಲವು ದಿನಗಳಿಗೆ ಹಂಚಿ ಓದುವುದು ಫಲಕಾರಿ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ನಡೆಸಿದ ಪ್ರಯೋಗಗಳು, ಮತ್ತೆ ಮತ್ತೆ ಓದುವುದಕ್ಕಿಂತ ಓದಿದ್ದನ್ನು ನೆನಪಿನಿಂದ ಹೊರತೆಗೆಯುವ ಅಭ್ಯಾಸದಿಂದ ದೀರ್ಘಕಾಲದ ನೆನಪು ಬಲಗೊಳ್ಳುತ್ತದೆ ಎಂದು ತಿಳಿಸಿದವು. ಪುಸ್ತಕ ಮುಚ್ಚಿಸಿ ‘ಈಗ ಓದಿದ್ದನ್ನು ನನಗೆ ಹೇಳು’ ಎನ್ನುವುದು ಇದರ ಸರಳ ರೂಪ. ಕೇಳುವವರಿಗೆ ವಿಷಯ ತಿಳಿದಿರಬೇಕಾಗಿಲ್ಲ.

ಮೆಚ್ಚುಗೆ, ಹೋಲಿಕೆ ಮತ್ತು ದಂಡನೆ

ಕ್ಲಾಡಿಯಾ ಮುಲ್ಲರ್ ಮತ್ತು ಕೆರೊಲ್ ಡ್ವೆಕ್ ಅವರ 1998ರ ಅಧ್ಯಯನದಲ್ಲಿ, ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸೋಲು ಎದುರಾದಾಗ ಬೇಗ ಕೈಬಿಟ್ಟರು. ‘ಚೆನ್ನಾಗಿ ಪ್ರಯತ್ನಪಟ್ಟೆ’ ಎಂದು ಹೊಗಳಿಸಿಕೊಂಡವರು ಹೆಚ್ಚು ಹೊತ್ತು ಪ್ರಯತ್ನಿಸಿದರು. ಅಕ್ಕಪಕ್ಕದ ಮನೆಯ ಅಥವಾ ಒಡಹುಟ್ಟಿದ ಮಕ್ಕಳೊಡನೆ ಹೋಲಿಸುವುದು ಮಗುವಿಗೆ ತನ್ನ ತಪ್ಪು ಯಾವುದೆಂದು ತಿಳಿಸುವುದಿಲ್ಲ. ಹೋದ ತಿಂಗಳ ತನ್ನದೇ ಬರಹದೊಡನೆ ಈ ತಿಂಗಳ ಬರಹವನ್ನು ಹೋಲಿಸಿ ತೋರಿಸಿದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಶಾಲೆಗಳಲ್ಲಿ ನಿಷೇಧಿಸಿದೆ. ಹೊಡೆತದ ಭಯವಿರುವ ಮನೆಯಲ್ಲಿ ಮಗು ಕಡಿಮೆ ಅಂಕ ಬಂದ ಉತ್ತರಪತ್ರಿಕೆಯನ್ನು ಮುಚ್ಚಿಡಲು ಕಲಿಯುತ್ತದೆ. ಆಗ ನೆರವು ಎಲ್ಲಿ ಬೇಕೆಂಬುದೇ ಪೋಷಕರಿಗೆ ತಿಳಿಯದಾಗುತ್ತದೆ.

ಸ್ಥಳ, ಸಮಯ ಮತ್ತು ಮೊಬೈಲ್

ಪ್ರತ್ಯೇಕ ಕೋಣೆ ಇಲ್ಲದ ಮನೆಯಲ್ಲಿ ಒಂದು ಮೂಲೆ, ಒಂದು ಚಾಪೆ, ಸಾಕಷ್ಟು ಬೆಳಕು ಮತ್ತು ದಿನವೂ ಅದೇ ಸಮಯ ಇದ್ದರೆ ಸಾಕು. ಆ ಹೊತ್ತಿನಲ್ಲಿ ದೂರದರ್ಶನವನ್ನು ನಿಲ್ಲಿಸುವುದು ಮನೆಮಂದಿಯೆಲ್ಲರ ಸಹಕಾರದಿಂದ ಮಾತ್ರ ಸಾಧ್ಯ. ಮನೆಗೆಲಸವನ್ನು ಹೆಣ್ಣುಮಕ್ಕಳಿಗೆ ಮಾತ್ರ ವಹಿಸಿದಾಗ ಅವರ ಓದಿನ ಸಮಯವೇ ಕಡಿಮೆಯಾಗುತ್ತದೆ. ಕೆಲಸವನ್ನು ಗಂಡುಮಕ್ಕಳಿಗೂ ಹಂಚುವುದು ಕಲಿಕೆಗೆ ನೀಡುವ ನೇರ ನೆರವು. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯು 2016ರಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಶಿಫಾರಸು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕುಳಿತಿರಬಾರದು.

ಓದು ಬಾರದ ಪೋಷಕರ ಪಾತ್ರ

ಮೇಲೆ ಹೇಳಿದ ಕ್ರಮಗಳಲ್ಲಿ ಹೆಚ್ಚಿನವಕ್ಕೆ ಅಕ್ಷರಜ್ಞಾನ ಬೇಕಿಲ್ಲ. ಓದು ಬಾರದ ತಾಯಿ ಮಗು ಗಟ್ಟಿಯಾಗಿ ಓದುವುದನ್ನು ಕೇಳಿ, ‘ಆಮೇಲೆ ಏನಾಯಿತು?’ ಎಂದು ಪ್ರಶ್ನಿಸಬಹುದು. ತಾನು ಹೇಳಿದ ಕಥೆಯನ್ನು ಮಗುವಿನಿಂದ ಬರೆಸಿ ಓದಿಸಬಹುದು. ಅಂಗಡಿಯ ಸಾಮಾನುಗಳ ಪಟ್ಟಿಯನ್ನು ಮಗುವಿನಿಂದಲೇ ಬರೆಸಬಹುದು. ಮಗು ತಪ್ಪದೆ ಶಾಲೆಗೆ ಹೋಗುವಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ನೆರವು. ಬಿತ್ತನೆ, ಸುಗ್ಗಿ, ಜಾತ್ರೆ ಮತ್ತು ಗುಳೆಯ ಕಾಲದಲ್ಲಿ ತಪ್ಪಿಹೋಗುವ ದಿನಗಳು ಮುಂದಿನ ಪಾಠಗಳನ್ನೂ ಕಠಿಣಗೊಳಿಸುತ್ತವೆ. ಮಗುವಿನಿಂದ ಓದಿಸಿ ಕೇಳುವ ಪೋಷಕರು, ಓದು ಎಂಬುದು ಈ ಮನೆಯಲ್ಲಿ ಬೆಲೆಯುಳ್ಳ ಕೆಲಸ ಎಂಬುದನ್ನು ಮಾತಿಲ್ಲದೆ ತಿಳಿಸುತ್ತಾರೆ.

ಶಾಲೆಯೊಡನೆ ಸಂಬಂಧ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಕಾರ್ಯನಿರ್ವಹಿಸುತ್ತಿವೆ. ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಆಡಳಿತ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರು ಮತ್ತು ಅರ್ಧದಷ್ಟು ಮಹಿಳೆಯರು ಇರಬೇಕೆಂದು ವಿಧಿಸಿದೆ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಪೋಷಕರು ಶಾಲೆಗೆ ಬಂದು ಮಗುವಿನ ಪ್ರಗತಿಯನ್ನು ನೋಡುತ್ತಾರೆ. ‘ಎಷ್ಟು ಅಂಕ ಬಂದಿದೆ?’ ಎಂಬ ಪ್ರಶ್ನೆಯ ಜೊತೆಗೆ ‘ಯಾವುದು ಬರುತ್ತದೆ, ಯಾವುದು ಬರುವುದಿಲ್ಲ, ಮನೆಯಲ್ಲಿ ಏನು ಮಾಡಿಸಬೇಕು?’ ಎಂದು ಕೇಳುವುದು ಶಿಕ್ಷಕರಿಗೂ ಸಹಕಾರಿ. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಶಿಕ್ಷಕರು ಮಕ್ಕಳಿರುವ ಸ್ಥಳಕ್ಕೇ ಹೋಗಿ ಕಲಿಸುವ ‘ವಿದ್ಯಾಗಮ’ ಕಾರ್ಯಕ್ರಮ ಆರಂಭವಾಯಿತು. ಮೊಬೈಲ್ ಇಲ್ಲದ ಮನೆಗಳ ಮಕ್ಕಳ ಸ್ಥಿತಿಯನ್ನು ಆ ಅವಧಿ ಎತ್ತಿ ತೋರಿಸಿತು.

ಕಲಿಕೆಯ ತೊಡಕುಗಳು

ಕೆಲವು ಮಕ್ಕಳಿಗೆ ಸಾಮಾನ್ಯ ಬುದ್ಧಿಶಕ್ತಿ ಇದ್ದರೂ ಓದು, ಬರಹ ಅಥವಾ ಲೆಕ್ಕ ವಿಶೇಷವಾಗಿ ಕಷ್ಟವಾಗುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು ತನ್ನ 21 ವಿಧಗಳಲ್ಲಿ ಸೇರಿಸಿದೆ. ಕಣ್ಣು ಅಥವಾ ಕಿವಿಯ ದೋಷವೂ ಹಿಂದುಳಿಯುವಿಕೆಗೆ ಕಾರಣವಾಗಿರಬಹುದಾದ್ದರಿಂದ ಮೊದಲು ಅದರ ತಪಾಸಣೆ ಅಗತ್ಯ. ಇಂತಹ ಮಗುವನ್ನು ಸೋಮಾರಿ ಅಥವಾ ದಡ್ಡ ಎಂದು ಕರೆಯುವುದು ತೊಡಕನ್ನು ಹೆಚ್ಚಿಸುತ್ತದೆ. ಪರೀಕ್ಷೆಯ ಭಯ ಅಥವಾ ಮನಸ್ಸಿನ ಕುಗ್ಗುವಿಕೆ ಕಂಡುಬಂದಲ್ಲಿ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಮಿತಿಗಳು ಮತ್ತು ಟೀಕೆ

ಪೋಷಕರ ಪಾತ್ರಕ್ಕೆ ಅತಿಯಾದ ಒತ್ತು ನೀಡುವುದರ ಬಗ್ಗೆ ಟೀಕೆಗಳೂ ಇವೆ. ಈ ಹೊಣೆ ಬಹುತೇಕ ತಾಯಂದಿರ ಮೇಲೆಯೇ ಬೀಳುತ್ತದೆ. ಮುಂಜಾನೆಯಿಂದ ಸಂಜೆಯವರೆಗೆ ಕೂಲಿ ಮಾಡುವ ಕುಟುಂಬಗಳಿಗೆ ಸಮಯವೇ ದೊರೆಯುವುದಿಲ್ಲ. ಮೇಲೆ ಉಲ್ಲೇಖಿಸಿದ ಹಲವು ಅಧ್ಯಯನಗಳು ಹೊರದೇಶಗಳಲ್ಲಿ ನಡೆದವು. ಅವುಗಳ ಫಲಿತಾಂಶವನ್ನು ಇಲ್ಲಿನ ಮನೆಗಳಿಗೆ ಅನ್ವಯಿಸುವಾಗ ವಿವೇಚನೆ ಬೇಕು. ಪೋಷಕರ ಆಸಕ್ತಿ ಮತ್ತು ಮಗುವಿನ ಸಾಧನೆ ಜೊತೆಯಾಗಿ ಕಂಡುಬಂದಾಗ, ಒಂದರಿಂದಲೇ ಮತ್ತೊಂದು ಉಂಟಾಯಿತೆಂದು ಹೇಳಲಾಗದು. ಆದಾಯ, ಆಹಾರ, ಆರೋಗ್ಯಗಳೂ ಪರಿಣಾಮ ಬೀರುತ್ತವೆ. ಓದಲು ಕಲಿಸುವುದು ಶಾಲೆಯ ಹೊಣೆ. ಮನೆಯಲ್ಲಿ ನೆರವು ದೊರೆಯಲಿಲ್ಲ ಎಂಬ ಕಾರಣಕ್ಕೆ ಮಗು ಹಿಂದುಳಿಯದಂತೆ ನೋಡಿಕೊಳ್ಳುವುದು ಸಾರ್ವಜನಿಕ ಶಿಕ್ಷಣದ ಮೂಲ ಉದ್ದೇಶಗಳಲ್ಲಿ ಒಂದು. ಮನೆಯ ನೆರವು ಶಾಲೆಯ ಕೆಲಸಕ್ಕೆ ಪೂರಕವಾಗಬಲ್ಲದೇ ಹೊರತು ಅದರ ಸ್ಥಾನವನ್ನು ತುಂಬಲಾರದು.